ಆಟಿ ಸೊಪ್ಪಿನ ಕೆಂಪು

ಮೂರ್ನಾಡು
೧೨-೯-೧೯೬೧

ತಂಗಿ ಹೊನ್ನಮ್ಮನಿಗೆ ಅಕ್ಕ ನೀಲಾವತಿಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಬೇಡ, ಬರೆಯುವಂಥ ಸುದ್ದಿ ಇರಲಿಲ್ಲ. ನೆಲ್ಯಹುದಿಕೇರಿಯಲ್ಲಿ ಹೊಳೆ ಇಳಿಯಿತೇ? ಮಕ್ಕಳ ಕೆಮ್ಮು ಹೇಗಿದೆ?

ನಿನ್ನ ಭಾವನನ್ನು ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಲಿವರ್ ಪೂರ್ತಿ ಕೆಟ್ಟಿದೆ ಎಂದರು ಡಾಕ್ಟರು. ಕುಡಿತ ಬಿಟ್ಟ ಮೇಲೆ ಈ ಮನುಷ್ಯ ತಾನೇ ಭಟ್ಟಿಯಲ್ಲಿ ಇಳಿಸಿದ, ನಿಂಬೆ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ದಿನಾ ಜೇನಿಗೆ ಬಿಟ್ಟುಕೊಂಡು ನೆಕ್ಕುತ್ತಿದ್ದರಲ್ಲ, ಹಳೆಯ ವಿಷವನ್ನೆಲ್ಲ ಅದು ತೊಳೆಯುತ್ತದೆಂದು. ಅದನ್ನೂ ಹೇಳಿದೆ. ಡಾಕ್ಟರು ಬೈಯಲಿಲ್ಲ. ಗಿಡದ ಎಣ್ಣೆಯಲ್ಲಿ ಗುಣ ಇದ್ದರೂ ಇರಬಹುದು, ಇಷ್ಟು ಕೆಟ್ಟ ಮೇಲೆ ಯಾವುದೂ ನಡೆಯದು, ಮೂತ್ರ ಕೆಂಪಾದ ಕೂಡಲೇ ಏಕೆ ಬರಲಿಲ್ಲ ಎಂದು ಕೇಳಿದರು.

ಏನು ಹೇಳಲಿ? ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡರೆ ಮಾರನೆಯ ದಿನ ನಮ್ಮಲ್ಲಿ ಯಾರ ಮೂತ್ರ ಕೆಂಪಾಗುವುದಿಲ್ಲ? ಮದ್ದು ಮೈಗೆ ಹಿಡಿಯಿತೆಂದು ಖುಷಿಪಡುವವರು ನಾವು. ಈ ಸಲ ನೀನೂ ಇದ್ದೆಯಲ್ಲ. "ಭಾವ, ಮದ್ದು ಹಿಡೀತಾ?" ಎಂದು ಜಗಲಿಯಿಂದ ನೀನು ಕೂಗಿದ್ದು, "ನಂಗೇ ಎಲ್ಲರಿಗಿಂತ ಜಾಸ್ತಿ ಹಿಡ್ದುಟ್ಟು" ಎಂದು ಅವರು ಅಂದದ್ದು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಮ್ಮದೆಲ್ಲ ಒಂದೆರಡು ದಿನದಲ್ಲಿ ತಿಳಿಯಾಯಿತು. ಅವರದು ಆಗಲಿಲ್ಲ. ಬಟ್ಟಲುಗಟ್ಟಲೆ ಬಾರಿಸಿದ್ದಾರೆ, ಅದಕ್ಕೇ ಇರಬೇಕು ಎಂದುಕೊಂಡೆ. ಕಣ್ಣು ಹಳದಿಯಾದಾಗಲೇ ಮಡಿಕೇರಿಗೆ ಹೊರಡಿಸಿದ್ದು.

ಈಗ ಚೂರು ಗಂಜಿ ಇಳಿದರೆ ಹೆಚ್ಚು. ಕಾಲು ಊದಿದೆ. ಎಣ್ಣೆ ಸೀಸೆಯ ಬಿರಡೆ ತೆಗೆದು ಮೂಸುತ್ತಾರೆ, ಮುಚ್ಚಿಡುತ್ತಾರೆ. ಹೊಳೆ ಇಳಿದ ಕೂಡಲೇ ಬಂದುಬಿಡು. ಅವರ ಮುಂದೆ ಅಳಬೇಡ. ಮಕ್ಕಳಿಗೆ ದೇವರು ಒಳ್ಳೆಯ ಆಯುಸ್ಸು ಕೊಡಲಿ.

ನಿನ್ನ ಅಕ್ಕ,
ನೀಲಾವತಿ

ಮತ್ತೊಂದು ಮಾತು. ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಕಾಲು ಒರೆಸುವಾಗ ಅವರೇ ಹೇಳಿದರು, ನಾನು ಸೊಪ್ಪು ಕೊಯ್ದು ತರುವುದಕ್ಕೂ ಮೊದಲೇ ಅವರದು ಕೆಂಪಾಗಿತ್ತಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ನಾನು ಕುಡಿಯೋಕೆ ಶುರು ಮಾಡಿದ ಮೇಲೆ ಈ ಮನೇಲಿ ಯಾರೂ ನನ್ನೊಟ್ಟಿಗೆ ನಗಾಡಿರಲಿಲ್ಲ ಮಾರಾಯ್ತಿ. ಅವತ್ತು ನಗಾಡಿದಿರಿ" ಎಂದರು.

ಬಂದಾಗ ಅವರನ್ನು ಒಂದಿಷ್ಟು ತಮಾಷೆ ಮಾಡು ಹೊನ್ನಮ್ಮ. ನನ್ನಿಂದ ಆಗುತ್ತಿಲ್ಲ.