ಬೋಳಿಸಿದ ಬಲಗಾಲು

ಅತ್ತಿಗೆ,

ಕ್ಷೇಮ ಅಂತ ಬರೆಯಲೂ ಕೈ ಬರುತ್ತಿಲ್ಲ, ಅಷ್ಟು ಸಿಟ್ಟು ಬಂದಿದೆ. ಹೊಸ ನರ್ಸ್‌ಗೆ ಹಿರಿಯರೊಬ್ಬರು ಜೊತೆಗಿದ್ದು ಕಲಿಸುತ್ತಾರೆ ಎಂದೇ ಈ ಪ್ರಾಣಿಗಳ ಆಸ್ಪತ್ರೆಗೆ ನನ್ನನ್ನು ಸೇರಿಸಿಕೊಂಡಿದ್ದರು. ನನಗೆ ಸಿಕ್ಕವಳನ್ನು ಎಲ್ಲರೂ ಮೆಣಸಿನಕಾಯಿ ಎನ್ನುತ್ತಾರೆ. ನಿನ್ನೆ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದ್ದ ನಾಯಿಯನ್ನು ತೋರಿಸಿ, "ಆಪರೇಷನ್ನಿಗೆ ಎಡ ಹಿಂಗಾಲು ಬೋಳಿಸು" ಎಂದು ಮಷಿನ್ ಕೈಗಿಟ್ಟು ಹೋದಳು. ಅಂಗಾತ ಮಲಗಿದ ನಾಯಿಯ ಎಡಗಾಲು ನನ್ನ ಬಲಕ್ಕಿರುತ್ತದೆ ಎಂದು ಹೊಳೆಯಲೇ ಇಲ್ಲ. ಬಲಗಾಲನ್ನು ನುಣ್ಣಗೆ ಬೋಳಿಸಿಟ್ಟೆ.

"ಸರ್ಟಿಫಿಕೇಟು ಎಲ್ಲಾದ್ರೂ ಬಿದ್ದಿದ್ದು ಸಿಕ್ತಾ ನಿಂಗೆ?" ಎಂದು ಡಾಕ್ಟರು ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ನನ್ನ ಮಾನ ಹರಾಜು ಹಾಕಿದರು. ಮೆಣಸಿನಕಾಯಿ ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಪಾಪದ ನಾಯಿ ಈಗ ಎರಡೂ ಹಿಂಗಾಲು ಬೋಳಾಗಿ, ಪ್ಯಾಂಟು ಕಳೆದುಕೊಂಡ ಯಜಮಾನನಂತೆ ಕೂತಿದೆ.

ಆಮೇಲೆ ನಾನು ಟವೆಲ್ ಒಗೆಯುವ ಕೋಣೆಯಲ್ಲಿದ್ದಾಗ ಮೆಣಸಿನಕಾಯಿ ಬಂದು ಬೆನ್ನು ತಟ್ಟಿದಳು. "ಹೊಸದ್ರಲ್ಲಿ ನಾನೂ ಹೀಗೇ ಮಾಡಿದ್ದೆ ಕಣೇ. ಅದಕ್ಕೇ ಈಗ ನಾಯಿ ನಿಂತಿರುವಾಗ್ಲೇ ಬೋಳಿಸೋ ಕಾಲಿಗೆ ಗುರುತಿಗೆ ಟೇಪ್ ಸುತ್ತಿಬಿಡ್ತೀನಿ."

"ಇದನ್ನ ಮೊದಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿಯೇಬಿಟ್ಟೆ.

"ನಂಗೆ ಯಾರು ಹೇಳಿದ್ರು?" ಅಂದಳು, ಅತ್ತಿಗೆ!

ಹೋದ ಸಲ ಬರೆದಿದ್ದೆನಲ್ಲ, ಬೆಕ್ಕು ಪರಚಿದ ಆ ಗಾಯ ಒಣಗಿದೆ, ಇಂಜೆಕ್ಷನ್ನೂ ಆಗಿದೆ. ಅಮ್ಮನಿಗೆ ಓದಿ ಹೇಳುವಾಗ ಡಾಕ್ಟರ ಮಾತು ಹಾರಿಸಿಬಿಡಿ. ಬರೆದಿರುವುದು ಕಾರ್ಡಿನಲ್ಲಿ, ಪೋಸ್ಟ್‌ಮ್ಯಾನ್ ಓದಿದರೆ ಓದಿಕೊಳ್ಳಲಿ. ಸೋಮವಾರ ಇನ್ನೊಬ್ಬ ಹೊಸ ಹುಡುಗಿ ಸೇರುತ್ತಾಳಂತೆ. ಅವಳು ಚಪ್ಪಲಿ ಬಿಡುವ ಮೊದಲೇ ಟೇಪಿನ ಸುರುಳಿ ಅವಳ ಕೈಗಿಡುತ್ತೇನೆ, ಮೆಣಸಿನಕಾಯಿಯ ಕಣ್ಣೆದುರೇ.

ನಿಮ್ಮ ನಾದಿನಿ