ನಮ್ಮ ಮನ್ಯಾಗ ಏನೂ ಇಲ್ರಿ

ಬೀದರ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಆರತಿ,

ಮೊನ್ನೆ ಭಾನುವಾರ ಊರಿನಲ್ಲಿ ನಿನ್ನ ಅವ್ವನ ಮುಖ ನೋಡಿಕೊಂಡೇ ಒಂದು ಸುಳ್ಳು ಹೇಳಿದೆ. ಅದೊಂದನ್ನು ಬಿಟ್ಟು ಉಳಿದ ಸುದ್ದಿಯನ್ನೆಲ್ಲ ಬರೆದ ಎರಡು ಹಾಳೆಯ ಪತ್ರ ನಿನ್ನೆಯೇ ಸಿದ್ಧವಾಗಿತ್ತು. ಲಕೋಟೆಗೆ ಅಂಟು ಹಚ್ಚುವಾಗ ಕೈ ತಡೆಯಿತು. ಆ ಪತ್ರದಲ್ಲಿ ನಾನು ತುಂಬ ಒಳ್ಳೆಯವಳಾಗಿದ್ದೆ. ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ.

ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಕಾಲೇಜಿನಲ್ಲಿ ಪರೀಕ್ಷೆಗಳಿದ್ದವು, ಅವ್ವನ ಕಣ್ಣಿನ ಆಪರೇಷನ್ ಇತ್ತು. ಎರಡೂ ನಿಜ, ಎರಡೂ ಕಾರಣವಲ್ಲ. ನೀನಿರುವ ಭಾಲ್ಕಿ ಇಲ್ಲಿಂದ ಗಂಟೆಯ ದಾರಿ, ಫೋನಿನಲ್ಲೂ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀ, ನಾನು ಕರಗುತ್ತೇನೆ. ಹಾಗೆ ಕರಗಿದ್ದು ಒಮ್ಮೆ ಸಾಕಾಗಿದೆ.

ಕಾನ್ವೆಂಟಿನ ದಿನಗಳಿಂದ ನಾವು ಇಂಗ್ಲಿಷಿನಲ್ಲೇ ಬರೆದುಕೊಂಡವರು. ಈ ಸಲ ಬೇಡ. ಇಂಗ್ಲಿಷಿನಲ್ಲಿ ಬರೆದರೆ ನಾನು ಬೇಗ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತುಬಿಡುತ್ತೇನೆ. ನಮ್ಮಿಬ್ಬರ ಅವ್ವಂದಿರು ಯಾರಿಂದಲಾದರೂ ಓದಿಸಿ ಕೇಳಿದರೆ ಅರ್ಥವಾಗುವ ಭಾಷೆಯಲ್ಲಿ ಇದು ಇರಲಿ.

ನಿನ್ನ ತವರಿನ ಸುದ್ದಿ ಮೊದಲು. ನಿನ್ನ ಅಪ್ಪ ಧೊಂಡಿಬಾ ಕಾಕಾ ಗಟ್ಟಿಯಾಗಿದ್ದಾರೆ. ಸೋಯಾ ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡ್ರಿಸುವ ಕಾಲವಲ್ಲವೇ, ಈಗ ಹಳ್ಳದ ಆಚೆ ಶಿವರಾಜಪ್ಪನ ಹೊಲದಲ್ಲಿ ಹಿಂಡು ಇದೆ. ನಿನ್ನ ಅವ್ವ ಕಾಂತಾಬಾಯಿ ಕಾಕುವಿನ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನ್ನನ್ನು ನೋಡಿದ ಕೂಡಲೇ, "ಏನವಾ ಪ್ರೊಫೆಸರಿ, ತೆಳ್ಳಗಾಗಿದ್ದಿ. ಬೀದರದಾಗ ಜ್ವಾಳ ಸಿಗಲ್ಲೇನು?" ಎಂದರು.

ನಮ್ಮ ಹೆಂಗಸರ ಕೂಟದ ಬಗ್ಗೆ ಅವರು ನಿನಗೆ ಅಷ್ಟಿಷ್ಟು ಹೇಳಿರಬಹುದು. ನಾನು ಪೂರ್ತಿ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸುಳ್ಳಿನ ತೂಕ ನಿನಗೆ ತಿಳಿಯುವುದಿಲ್ಲ. ನಿಮ್ಮ ಕುರಿ ಸಾಕುವ ಮನೆತನಗಳ ಓಣಿಯಿಂದ ಆರು ಜನ, ನಮ್ಮ ಬುದ್ಧವಿಹಾರದ ಓಣಿಯಿಂದ ಆರು ಜನ, ಎರಡು ವಾರಕ್ಕೊಮ್ಮೆ ಭಾನುವಾರ ಶಾಲೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಮೊದಲ ಎರಡು ಸಲ ಬರೀ ಜಗಳ. "ನಿನ್ನ ಮಗ, ನಿನ್ನ ಗಂಡ, ನಿಮ್ಮ ಓಣಿಯ ಹುಡುಗರು" ಎಂದು ಒಬ್ಬರ ಮೇಲೊಬ್ಬರು. ಕೊನೆಗೆ ನನ್ನ ಅವ್ವ ಶೇವಂತಾಬಾಯಿ ಎದ್ದು ನಿಂತು, "ಮಂದಿ ಮನಿ ಸುದ್ದಿ ಸಾಕು ಮಾಡ್ರಿ. ಅವರವರ ಮನ್ಯಾಗ ಏನು ಕುದಿಲತ್ತದ, ಅಷ್ಟೇ ಹೇಳ್ರಿ" ಎಂದಳು. ಅದೇ ನಿಯಮವಾಯಿತು. ಪ್ರತಿಯೊಬ್ಬಳೂ ತನ್ನ ಮನೆಯ ಗಂಡಸರ ಬಗ್ಗೆ ಮಾತ್ರ ಹೇಳಬೇಕು. ಏನೂ ಇಲ್ಲದಿದ್ದರೆ "ನಮ್ಮ ಮನ್ಯಾಗ ಏನೂ ಇಲ್ರಿ" ಎನ್ನಬೇಕು. ಯಾರ ಮನೆಯಲ್ಲಿ ಬಡಿಗೆ ಹೊರಗೆ ಬಂದಿದೆಯೋ ಆ ಮನೆಗೆ ಎದುರು ಓಣಿಯ ಹೆಂಗಸರು ಚಹಾಕ್ಕೆ ಹೋಗುತ್ತಾರೆ. ಹೋಗಿ ಕೂತರೆ ಏಳುವುದಿಲ್ಲ. ಪಡಸಾಲೆಯಲ್ಲಿ ಕೂತ ಆರು ಹೆಂಗಸರನ್ನು ದಾಟಿಕೊಂಡು ಬಡಿಗೆ ಹಿಡಿದು ಹೋದ ಗಂಡಸನ್ನು ನಾನಿನ್ನೂ ನೋಡಿಲ್ಲ.

ಹಬ್ಬಗಳ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿ ಗಂಡಸರು ಮಾತಾಡುತ್ತಾರೆ, ಹೆಂಗಸರ ಸಹಿ ತೆಗೆದುಕೊಳ್ಳುತ್ತಾರೆ. ಆದರೆ ನಾಲ್ಕು ವರ್ಷಗಳಲ್ಲಿ ಐದು ಹೊಡೆದಾಟ ನಿಂತದ್ದು ನಮ್ಮ ಚಹಾದಿಂದ.

ಮೊದಲ ಚಹಾ ನಿಮ್ಮ ಮನೆಯದೇ. "ನಮ್ಮ ಅನೀಲ ಕೊಡ್ಲಿಗಿ ಹೊಸಾ ಕಾವು ಹಾಕ್ಲತ್ತಾನರಿ" ಎಂದು ಕಾಕುವೇ ಹೇಳಿದರು. ಹೇಳುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾವು ಆರು ಜನ ಹೋದೆವು. ಚಹಾ ಕಾಗದದ ಕಪ್ಪುಗಳಲ್ಲಿ ಬಂತು, ಅಂಗಡಿಯಿಂದ ಆಗಷ್ಟೇ ತರಿಸಿದ್ದು.

"ಯಾಕ ಕಾಂತಾಬಾಯಿ, ಮನ್ಯಾಗಿನ ಕಪ್ ಒಡದಾವೇನು?" ಎಂದು ಅವ್ವ ಕೇಳಿದಳು.

"ಇಲ್ಲವಾ, ಮೊಣಕಾಲು ನೋವು. ತೊಳೀಲಿಕ್ಕೆ ಆಗಲ್ಲ."

"ಹಂಗಾದ್ರ ಕೊಡು, ನಾನೇ ತೊಳದಿಡ್ತೇನಿ."

ಕಾಕು ಒಳಗೆ ಹೋಗಿ ಸ್ಟೀಲ್ ಲೋಟ ತಂದರು. ಅವ್ವ ನಿಜವಾಗಿಯೂ ಎಲ್ಲ ಲೋಟ ತೊಳೆದು ಬೋರಲು ಹಾಕಿ ಬಂದಳು. ಅವತ್ತಿನಿಂದ ಅವರಿಬ್ಬರಿಗೂ ಬಲು ಗೆಳೆತನ. ಅವ್ವ ಆ ಕಾಗದದ ಕಪ್ಪು ಮರೆತಿದ್ದಾಳೆ. ನಾನು ಮರೆತಿಲ್ಲ. ಮರೆಯದಿರುವುದು ನನ್ನ ಸ್ವಾಭಿಮಾನವೋ, ಬರೀ ವಿಷವೋ, ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಇನ್ನು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿದ್ದರೂ ನನ್ನ ಬಾಯಿಂದ ನೀನು ಇದನ್ನು ಯಾವತ್ತೂ ಪೂರ್ತಿ ಕೇಳಿಲ್ಲ. ಆರು ವರ್ಷದ ಹಿಂದೆ ನಿಮ್ಮ ಕುರಿಗಳು ನಮ್ಮ ತೊಗರಿಯಲ್ಲಿ ಇಳಿದವು. ನನ್ನ ತಮ್ಮ ರಾಜರತ್ನ ಹನ್ನೊಂದು ಕುರಿ ಹೊಡೆದುಕೊಂಡು ಹೋಗಿ ಪಂಚಾಯಿತಿಯ ಕೊಂಡವಾಡದಲ್ಲಿ ಕೂಡಿಹಾಕಿದ. ಮರುದಿನ ಹಾಡುಹಗಲೇ ನಿನ್ನ ತಮ್ಮ ಅನೀಲಕುಮಾರ ಇನ್ನಿಬ್ಬರೊಂದಿಗೆ ಹಳ್ಳದ ದಾರಿಯಲ್ಲಿ ಅವನನ್ನು ಹಿಡಿದ. ಇಬ್ಬರು ಅವನ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಹಿಡಿದರು. ಅನೀಲ ಕೊಡಲಿಯ ಕಾವಿನಿಂದ ಮೂರು ಸಲ ಹೊಡೆದ. ರಾಜರತ್ನನಿಗೆ ಬಸ್ ಡ್ರೈವರ್ ಕೆಲಸದ ಡ್ರೈವಿಂಗ್ ಪರೀಕ್ಷೆಗೆ ಮೂರು ವಾರ ಬಾಕಿ ಇತ್ತು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು, ಬೆರಳು ಮಡಚುವುದಿಲ್ಲ. ಈಗ ಔರಾದಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಎಡಗೈಯಿಂದ ಹಾಳೆ ತಿರುವುತ್ತಾನೆ.

ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಅವನು "ಹಿಂದಿನಿಂದ ಹೊಡೆದರು, ಯಾರ ಮುಖವನ್ನೂ ನೋಡಲಿಲ್ಲ" ಎಂದ. ಮೂವರೂ ಬಿಡುಗಡೆಯಾದರು. ಅದರ ಮುಂದಿನ ತಿಂಗಳೇ ನಮ್ಮ ಕೂಟ ಶುರುವಾಯಿತು. ಊರಿನಲ್ಲಿ ಶಾಂತಿ ಬಂತು ಎಂದು ಎಲ್ಲರೂ ಹೇಳಿದರು, ಎಲ್ಲರಿಗಿಂತ ಜೋರಾಗಿ ನಾನು.

ಕಳೆದ ತಿಂಗಳು ಅನೀಲ ಕುರಿ ಸಾಗಿಸಲು ಹೊಸ ಪಿಕಪ್ ಗಾಡಿ ಕೊಂಡ. ಅದನ್ನು ಝೆರಾಕ್ಸ್ ಅಂಗಡಿಯ ಮುಂದೆ ತಂದು ನಿಲ್ಲಿಸಿ, ಹತ್ತು ಜನರ ಎದುರು ಕೀಲಿಕೈ ಚಾಚಿ, "ಬಾರೋ ಡ್ರೈವರ್ ಸಾಹೇಬ, ಒಂದು ರೌಂಡ್ ಹೊಡಿ" ಎಂದನಂತೆ. ಜನ ನಕ್ಕರಂತೆ. ರಾಜರತ್ನನೂ ನಕ್ಕನಂತೆ.

ಭಾನುವಾರ ಬೆಳಿಗ್ಗೆ ನಾನು ಊರಿಗೆ ಹೋದಾಗ ಅವನು ಹಿತ್ತಲಲ್ಲಿ ಕೂತು ಒಂದು ಬಡಿಗೆಗೆ ಎಣ್ಣೆ ತಿಕ್ಕುತ್ತಿದ್ದ. ಬಡಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಿಂದ.

"ಮುಂದಿನ ಐತವಾರ ಮಧ್ಯಾಹ್ನ," ಎಂದ, ತಲೆ ಎತ್ತದೆ. "ಧೊಂಡಿಬಾ ಉಣ್ಣಾಕ ಮನಿಗಿ ಬರ್ತಾನ. ಕುರಿ ಹಂತ್ಯಾಕ ಅನೀಲ ಒಬ್ಬನೇ ಇರ್ತಾನ. ಕಲೀಮ, ಸಂತೋಷಕುಮಾರ ನನ್ನ ಸಂಗಡ ಬರ್ತಾರ. ಜೀವಕ್ಕ ಏನೂ ಮಾಡಲ್ಲ. ಬಲಗೈ ಅಷ್ಟೇ. ಮೂರು ಸಲ."

"ಇದು ನನಗ್ಯಾಕ ಹೇಳ್ಲತ್ತಿ?"

"ಇವತ್ತು ನಿಮ್ಮ ಕೂಟ ಅದಲ್ಲ. ಹೋಗಿ ಹೇಳ್ರಿ. ಆರು ಮಂದಿ ಹೆಣ್ಮಕ್ಕಳು ಬಂದು ಚಹಾ ಕುಡೀತಾರ, ನಾ ಸುಮ್ಮ ಕೂಡ್ತೇನಿ. ನೀವು ನನ್ನ ಸುಮ್ಮ ಕೂಡ್ಸೋದು ಎರಡನೇ ಸಲ ಆಗ್ತದ, ಅಷ್ಟ."

ಮಧ್ಯಾಹ್ನ ಕೂಟ ಸೇರಿತು. ಒಬ್ಬೊಬ್ಬರೇ ಹೇಳುತ್ತಾ ಬಂದರು. ಕಾಕುವಿನ ಸರದಿ ಬಂದಾಗ ಅವರು ತಲೆ ತಗ್ಗಿಸಿ, "ನಮ್ಮ ಮನ್ಯಾಗ ಬಡಿಗಿ ಇಲ್ಲ ಖರೆ, ಬಾಯಿ ಅದ. ನಮ್ಮ ಹುಡುಗ ಔರಾದದಾಗ ಆಡಬಾರದ ಮಾತು ಆಡ್ಯಾನ. ಶೇವಂತಾಬಾಯಿ, ಮನಸ್ಸಿಗಿ ಹಚ್ಕೋಬ್ಯಾಡ" ಎಂದರು. ಆರತಿ, ಯಾರೂ ಕೇಳದೆ ಆಕೆ ತನ್ನ ಮಗನ ತಪ್ಪನ್ನು ಬಿಚ್ಚಿ ಮುಂದಿಟ್ಟಳು. ಇದು ನಾಲ್ಕನೇ ಸಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವ್ವ ಆಕೆಯ ಕೈ ಹುಡುಕಿ ಹಿಡಿದುಕೊಂಡಳು. ಅವ್ವನಿಗೆ ಬಡಿಗೆಯ ವಿಷಯ ಗೊತ್ತಿಲ್ಲ, ಈಗಲೂ.

ನಂತರ ನನ್ನ ಸರದಿ. ಹನ್ನೊಂದು ಹೆಂಗಸರು ನನ್ನನ್ನು ನೋಡುತ್ತಿದ್ದರು. ಬೀದರಿನಲ್ಲಿ ಹುಡುಗಿಯರಿಗೆ ಸಮಾಜಶಾಸ್ತ್ರ ಪಾಠ ಮಾಡುವ, ಈ ಕೂಟದ ನಿಯಮಗಳನ್ನು ಚೊಕ್ಕ ಅಕ್ಷರದಲ್ಲಿ ಬರೆದಿಟ್ಟ ನಾನು ಹೇಳಿದೆ: "ನಮ್ಮ ಮನ್ಯಾಗ ಏನೂ ಇಲ್ರಿ."

"ನಿಮ್ಮ ಮನಿ ಹಿಂಗೇ ತಣ್ಣಗಿರ್ಲಿ ಮಗಳಾ," ಎಂದರು ಕಾಕು.

ನಾಚಿಕೆಯಾಯಿತೇ ಎಂದು ನೀನು ಕೇಳುತ್ತೀ. ಆಯಿತು, ಬೀದರಿಗೆ ಮರಳುವ ಬಸ್ಸು ಜನವಾಡ ದಾಟುವವರೆಗೆ. ಆಮೇಲೆ ಅನೀಲನ ಬಲಗೈ ಕಲ್ಲಿನ ಮೇಲೆ ಚಾಚಿದ್ದು ಕಣ್ಣೆದುರು ಬಂತು. ಮೊದಲ ಏಟು, ಎರಡನೆಯದು, ಮೂರನೆಯದು. ಅದರ ಶಬ್ದ ಹೇಗಿರಬಹುದೆಂದು ಯೋಚಿಸಿದೆ. ಅವನು ಕೀಲಿಕೈಯನ್ನು ಎಡಗೈಯಲ್ಲಿ ಹಿಡಿದು ಹೊಸ ಗಾಡಿಯ ಮುಂದೆ ನಿಲ್ಲುವುದನ್ನು ನೆನೆದೆ. ಆರು ವರ್ಷದ ನಂತರ ಅವತ್ತು ಮೊದಲ ಸಲ ನನಗೆ ಬಸ್ಸಿನಲ್ಲಿ ನಿದ್ದೆ ಬಂತು. ಇಂಥ ನಿದ್ದೆ ಬರುವ ಹೆಂಗಸಿಗೆ ಶಾಂತಿಯ ಮಾತಾಡುವ ಹಕ್ಕು ಇದೆಯೇ? ಗೊತ್ತಿಲ್ಲ. ನಾಲ್ಕು ವರ್ಷ ನಾನು ಕೂಟದಲ್ಲಿ ಎಲ್ಲರ ಮನೆಯ ಬಡಿಗೆ ಎಣಿಸಿದೆ, ನನ್ನೊಳಗಿನದನ್ನು ಒಮ್ಮೆಯೂ ಹೇಳಲಿಲ್ಲ. ನಿಯಮ ಮುರಿದದ್ದು ಮೊನ್ನೆಯಲ್ಲ, ಮೊದಲ ದಿನವೇ ಎಂದು ಈಗ ಅನ್ನಿಸುತ್ತಿದೆ.

ಈಗ ನೀನು ಏನು ಮಾಡಬಹುದೆಂದು ನಾನು ಎಲ್ಲ ಕಡೆಯಿಂದ ಯೋಚಿಸಿದ್ದೇನೆ. ಅನೀಲನಿಗೆ ಫೋನ್ ಮಾಡಿದರೆ ಅವನು ತಪ್ಪಿಸಿಕೊಳ್ಳುವವನಲ್ಲ, ನಾಲ್ಕು ಜನರನ್ನು ಕಟ್ಟಿಕೊಂಡು ಕಾಯುತ್ತಾನೆ. ಆಗ ಹೋಗುವುದು ಕೈಯಲ್ಲ, ಯಾರದೋ ತಲೆ. ಪೊಲೀಸರಿಗೆ ಹೇಳಿದರೆ ನನ್ನ ತಮ್ಮ ಒಳಗೆ ಹೋಗುತ್ತಾನೆ, ನಿನ್ನ ತಮ್ಮ ಎರಡನೇ ಸಲ ಹೊರಗೆ ಉಳಿಯುತ್ತಾನೆ. ನಿನ್ನ ಅವ್ವನಿಗೆ ಹೇಳಿದರೆ ಕಾಕು ಕುಂಟುತ್ತಾ ಬಂದು ನಮ್ಮ ಪಡಸಾಲೆಯಲ್ಲಿ ಕೂಡುತ್ತಾರೆ, ರಾಜರತ್ನ ಮತ್ತೆ ಸುಮ್ಮನಾಗುತ್ತಾನೆ, ಮತ್ತೊಮ್ಮೆ ಆ ಮುದುಕಿಯೇ ಎಲ್ಲರ ತಪ್ಪು ಹೊರುತ್ತಾಳೆ. ಅದನ್ನು ಮಾಡುವಷ್ಟು ನೀನು ಸಣ್ಣವಳಲ್ಲ ಎಂದು ನಂಬಿದ್ದೇನೆ.

ಉಳಿದದ್ದು ಒಂದೇ. ನೀನು ಬಾ. ಭಾಲ್ಕಿಯಿಂದ ಬೆಳಿಗ್ಗೆ ಬಸ್ಸಿದೆ. ಈ ಭಾನುವಾರ, ಇಪ್ಪತ್ತಮೂರಕ್ಕೆ, ಹನ್ನೊಂದರೊಳಗೆ ಊರಿನ ನಮ್ಮ ಮನೆಗೆ ಬಂದು ನನ್ನ ತಮ್ಮನ ಎದುರು ಕೂಡು. ಅವನ ಕೈ ನೋಡು, ದೂರದಿಂದಲ್ಲ. ಅನೀಲನನ್ನು ಉಳಿಸಲು ಕೋರ್ಟಿನ ಮುಂಚೆ ನೀನು ಏನು ಮಾಡಿದೆಯೋ ಅದನ್ನು ನಿನ್ನ ಬಾಯಿಂದಲೇ ಅವನಿಗೆ ಹೇಳು. ನಾನು ಅಲ್ಲಿರುವುದಿಲ್ಲ. ಕೂಟಕ್ಕೂ ಹೇಳುವುದಿಲ್ಲ, ನಮ್ಮ ಮುಂದಿನ ಸಭೆ ಇರುವುದು ಮೂವತ್ತಕ್ಕೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಹೀಗೋ ಹಾಗೋ.

ನಿನ್ನ ಸುಮಿತ ಹತ್ತನೆಯ ತರಗತಿಯಲ್ಲಲ್ಲವೇ? ಚೆನ್ನಾಗಿ ಓದಲಿ, ಅವನ ಎರಡೂ ಕೈ ಗಟ್ಟಿಯಾಗಿರಲಿ. ಇದನ್ನು ಕುಹಕದಿಂದ ಬರೆದಿಲ್ಲ. ಬರೆದ ಮೇಲೆ ಓದಿ ನೋಡಿದೆ, ಸ್ವಲ್ಪ ಕುಹಕ ಇದೆ. ಆದರೂ ಹಾರೈಕೆ ನಿಜ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ನಿನಗೆ ಒಳ್ಳೆಯದಾಗಲಿ ಎಂದು ಬರೆಯುವ ಅಭ್ಯಾಸ ಇನ್ನೂ ಕೈಗೆ ಇದೆ, ಆದ್ದರಿಂದ, ಒಳ್ಳೆಯದಾಗಲಿ.

ನಿನ್ನ
ಮಹಾಮಾಯಾ

ತಾ.ಕ.: ಕೋರ್ಟಿನ ಹಿಂದಿನ ವಾರ ನೀನು ಬೀದರಿಗೆ ನನ್ನ ಮನೆಗೆ ಬಂದಿದ್ದೆ. ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದು, "ಮಾಯಾ, ಅವನ ಹೆಸರು ಹೇಳಿಸಬ್ಯಾಡ. ಊರು ಸುಟ್ಟು ಹೋಗ್ತದ. ನಾವಿಬ್ರು ಉಳೀಬೇಕಲ್ಲ" ಎಂದಿದ್ದೆ. ನಾನು ಊರಿನ ಮಾತು ಕೇಳಿಸಿಕೊಳ್ಳಲಿಲ್ಲ. ನಾವಿಬ್ಬರು ಎಂಬುದನ್ನಷ್ಟೇ ಕೇಳಿಸಿಕೊಂಡೆ. ತಮ್ಮನನ್ನು ಕೂಡಿಸಿಕೊಂಡು ಮೂರು ದಿನ ಹೇಳಿಕೊಟ್ಟೆ: ಹಿಂದಿನಿಂದ ಹೊಡೆದರು ಅನ್ನು, ಮುಖ ನೋಡಲಿಲ್ಲ ಅನ್ನು. ಎಲ್ಲ ಊರಿನ ಶಾಂತಿಗಾಗಿ ಎಂದೆ, ನಿನ್ನ ಹೆಸರು ಎತ್ತಲಿಲ್ಲ. ನೀನು ಬಂದು ಹೋದದ್ದು ಅವನಿಗೆ ಹೇಗೋ ಗೊತ್ತಾಗಿತ್ತು. ಕೋರ್ಟಿನಿಂದ ಹೊರಗೆ ಬಂದವನು ಮೆಟ್ಟಿಲ ಮೇಲೆ ನಿಂತು, "ನೀವು ಊರು ಉಳಸ್ಲಿಲ್ಲ, ಗೆಳತಿ ಉಳಿಸ್ಕೊಂಡ್ರಿ" ಎಂದ. ಅವತ್ತಿನಿಂದ ನನ್ನನ್ನು ಅಕ್ಕ ಎಂದು ಕರೆದಿಲ್ಲ, ನೀನು ಎಂದೂ ಅಂದಿಲ್ಲ. ಹೊರಗಿನವರಿಗೆ ಹೇಳುವಂತೆ ಬರ್ರಿ, ಹೋಗ್ರಿ ಎನ್ನುತ್ತಾನೆ.

ಅವನು ಹೇಳಿದ್ದರಲ್ಲಿ ಒಂದು ತಪ್ಪಿತ್ತು. ಗೆಳತಿಯೂ ಉಳಿಯಲಿಲ್ಲ. ಕೆಲಸವಾದ ಮೇಲೆ ನಾಲ್ಕು ವರ್ಷದಲ್ಲಿ ನೀನು ನನ್ನ ಮನೆಯ ಹೊಸ್ತಿಲು ತುಳಿದಿಲ್ಲ. ದೀಪಾವಳಿಗೊಂದು, ಯುಗಾದಿಗೊಂದು ಪತ್ರ. ತಮ್ಮನ ಕೈ ಮಾರಿ ನಾನು ಕೊಂಡದ್ದು ವರ್ಷಕ್ಕೆ ಎರಡು ಪತ್ರ, ಆರತಿ. ಅನೀಲನ ಮೇಲಿನ ಸಿಟ್ಟು ಅವನ ಕೈ ಮುರಿದರೆ ತೀರೀತು. ನಿನ್ನ ಮೇಲಿನದು ತೀರುವುದಿಲ್ಲ. ಅದಕ್ಕೇ ಇದನ್ನು ನಿನಗೆ ಬರೆದೆ, ಬೇರೆ ಯಾರಿಗೂ ಅಲ್ಲ.

ಸ್ಪೀಡ್ ಪೋಸ್ಟ್ ಮಾಡುವುದಿಲ್ಲ. ಸಾದಾ ಅಂಚೆಯಲ್ಲಿ ಭಾಲ್ಕಿಗೆ ಎರಡು ದಿನ, ಕೆಲವೊಮ್ಮೆ ನಾಲ್ಕು. ಎರಡಾದರೆ ಶನಿವಾರ ನಿನ್ನ ಕೈಯಲ್ಲಿರುತ್ತದೆ, ನಾಲ್ಕಾದರೆ ಸೋಮವಾರ. ನಾನು ಇದನ್ನು ಡಬ್ಬಿಗೆ ಹಾಕುವುದು ಗುರುವಾರ, 20 ನವೆಂಬರ್ 2025.