ನೀಲಗಿರಿ ಎಣ್ಣೆ ಮಗುವಿಗಲ್ಲ

ರೀ,
ಮಗಳು ಈಗ ಚೆನ್ನಾಗಿ ಉಸಿರಾಡುತ್ತಿದ್ದಾಳೆ. ಅವಳನ್ನು ಪಕ್ಕದ ಮಂಚದ ಅಜ್ಜಿಗೆ ಒಪ್ಪಿಸಿ, ಬಟ್ಟೆ ಒಯ್ಯಲು ಹುಣಸೂರು ಆಸ್ಪತ್ರೆಯಿಂದ ಬಂದೆ. ನೀವು ಮನೆಯಲ್ಲೂ ಇಲ್ಲ.

ನೀಲಗಿರಿ ಎಣ್ಣೆ ನಿಮ್ಮ ಮಂಡಿನೋವಿಗೆ ಸರಿ, ಅದೂ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ. ಹಸುಗೂಸಿನ ಮೂಗಿಗೆ ಸವರಿದರೆ ಉಸಿರು ಕಟ್ಟಬಹುದಂತೆ. ಸೀಸೆಯನ್ನು ಅಟ್ಟಕ್ಕೆ ಹಾಕಿದ್ದೇನೆ, ಇಳಿಸಬೇಡಿ.

ಶೀತ ಬಿಡಲಿ ಅಂತಲೇ ಹಚ್ಚಿದಿರಿ, ಗೊತ್ತು. ಆದರೆ ಡಾಕ್ಟರು ಗದರಿದ ತಕ್ಷಣ ನನ್ನೊಬ್ಬಳನ್ನೇ ಬಿಟ್ಟು ಹೊರಟುಬಿಟ್ಟಿರಲ್ಲ.

ವಾರ್ಡಿನಲ್ಲಿ ಎಲ್ಲರ ಜೊತೆಗೂ ಯಾರಾದರೂ ಇದ್ದಾರೆ. "ಇವ್ಳಪ್ಪ ಎಲ್ಲವ್ವಾ?" ಅಂತ ಅಜ್ಜಿ ಕೇಳಿದರು. "ಊಟ ತರಕ್ಕೋಗವ್ರೆ ಕಣಜ್ಜಿ" ಅಂದುಬಿಟ್ಟೆ.

ಒಲೆಯ ಮೇಲೆ ಮುದ್ದೆ, ಉಪ್ಸಾರು ಇದೆ. ನೀವು ಉಂಡು, ನನಗೂ ಕಟ್ಟಿಕೊಂಡು ಬನ್ನಿ.

ಶೃತಿ